ಐವತ್ತರಲ್ಲಿ ಒಂದು ಖಾಲಿ

ಮೂವತ್ತೊಂದು ವರ್ಷಗಳಲ್ಲಿ ತಾನು ಒಂದೇ ಒಂದು ತಪ್ಪು ಮಾಡಿಲ್ಲವೆಂದು ಹಾರ್ಲನ್ ಪ್ರೂಯಿಟ್, ಬೆಂಟ್ ಕ್ರೀಕ್ ಎಂಬ ಊರಿನ ಮೇವಿನ ಅಂಗಡಿಯಲ್ಲಿ ಪ್ರತಿದಿನ ಬೆಳಿಗ್ಗೆ ಸಾರುತ್ತಿದ್ದ. ಅಂಗಡಿಯಲ್ಲಿ ಕಾಫಿ ಪುಕ್ಕಟೆ ಸಿಗುತ್ತಿದ್ದುದರಿಂದ ಕೇಳುವ ಕಿವಿಗಳಿಗೆ ಬರವಿರಲಿಲ್ಲ. ಮದುವೆಯ ವಿಷಯದಲ್ಲಾಗಲಿ, ಕುದುರೆ ಕೊಳ್ಳುವ ವಿಷಯದಲ್ಲಾಗಲಿ ಅವನು ಈ ಮಾತು ಹೇಳುತ್ತಿರಲಿಲ್ಲ. ಹೇಳುತ್ತಿದ್ದದ್ದು ಮನೆಯಲ್ಲೇ ಬಂದೂಕಿನ ತೋಟಾ ತುಂಬುವ ವಿದ್ಯೆಯ ಬಗ್ಗೆ. ಅಂಗಡಿಯ ತೋಟಾ ಕೊಳ್ಳುವವನು ದಿನಾ ಹೋಟೆಲಿನಲ್ಲಿ ಉಣ್ಣುವ ಅನಾಥನಿದ್ದಂತೆ ಎಂಬುದು ಅವನ ಸಿದ್ಧಾಂತ. ಹಿತ್ತಾಳೆಯ ಚಿಪ್ಪನ್ನು ತಾನೇ ತೊಳೆದು, ಮದ್ದನ್ನು ತಾನೇ ತೂಗಿ, ಗುಂಡನ್ನು ತಾನೇ ಕೂರಿಸಿದವನಿಗೆ ಮಾತ್ರ ಮನೆಯೂಟದ ರುಚಿ ಗೊತ್ತು.

ಅವನ ತೋಟಾ ಹೆಬ್ಬೆರಳಿನಷ್ಟು ದಪ್ಪ. ಸೊಂಟದ ರಿವಾಲ್ವರಿಗೂ ಅದೇ, ಹೆಗಲ ರೈಫಲಿಗೂ ಅದೇ. ಆ ರಿವಾಲ್ವರಿನ ಭಾರಕ್ಕೆ ಅವನು ಬಲಕ್ಕೆ ವಾಲಿ ನಡೆದೂ ನಡೆದೂ ಬಲಗಾಲಿನ ಬೂಟಿನ ಹಿಮ್ಮಡಿ ಮಾತ್ರ ವರ್ಷಕ್ಕೆರಡು ಸಲ ಸವೆಯುತ್ತಿತ್ತು. ಒಮ್ಮೆ ಅವನು ಮಂಗಳವಾರ ಹಾರಿಸಿದ ಗುಂಡಿನ ಸದ್ದು ಎದುರಿನ ಬೆಟ್ಟಗಳಿಗೆಲ್ಲ ಬಡಿದು, ದಾರಿ ತಪ್ಪಿ, ಬುಧವಾರ ತಿಂಡಿಯ ಹೊತ್ತಿಗೆ ಮನೆಗೆ ಬಂತು. ಇದನ್ನು ನಾನು ಕಣ್ಣಾರೆ ಕಂಡಿಲ್ಲ, ಕಿವಿಯಾರೆ ಅವನಿಂದಲೇ ಕೇಳಿದ್ದೇನೆ.

ಇಂಥ ಹಾರ್ಲನ್ನನ ಮನೆಯ ಊಟದ ಕೋಣೆಯ ಗೋಡೆಯ ಮೇಲೆ ಒಂದು ವರ್ಷದಿಂದ ಸೆನೆಟರ್ ನೇತಾಡುತ್ತಿದ್ದ. ಸೆನೆಟರ್ ಎಂದರೆ ಹುಲ್ಲು ತುಂಬಿದ ಮೂಸ್ ತಲೆ. ಕಡವೆಯೊಂದು ಆನೆಯಾಗಬೇಕೆಂದು ಹಟ ಹಿಡಿದು ಅರ್ಧ ದಾರಿಯಲ್ಲಿ ಕೈಬಿಟ್ಟರೆ ಹೇಗಿರುತ್ತದೋ ಹಾಗಿರುವ ಪ್ರಾಣಿ ಮೂಸ್. ಈ ತಲೆಗೆ ಒಂದು ಗಾಜಿನ ಕಣ್ಣು ಇತ್ತು, ಇನ್ನೊಂದು ಎಲ್ಲಿ ಬಿತ್ತೋ ಯಾರಿಗೂ ತಿಳಿಯದು. ನುಸಿ ತಿಂದ ಕತ್ತಿನಿಂದ ದಿನಕ್ಕಿಷ್ಟು ಕೂದಲು ಉದುರಿ ಸರಿಯಾಗಿ ಸೂಪಿನ ಬಟ್ಟಲಿಗೇ ಬೀಳುತ್ತಿತ್ತು. ಪ್ರತಿ ಸೆಪ್ಟೆಂಬರಿನಲ್ಲಿ ಹಾರ್ಲನ್ನನಿಗೂ ಅವನ ಹೆಂಡತಿಯ ತಮ್ಮ ಡೆಲ್ಮರನಿಗೂ ಗುಂಡು ಹಾರಿಸುವ ಪಂದ್ಯ. ಸೋತವನು ವರ್ಷಪೂರ್ತಿ ಸೆನೆಟರನನ್ನು ಸಾಕಬೇಕು. ಹಿಂದಿನ ವರ್ಷ ಹಾರ್ಲನ್ ಸೋತಿದ್ದ. ತಪ್ಪು ಅವನದಲ್ಲ, ಗಾಳಿಯದು.

ಹೆಂಡತಿ ವರ್ಲಾ ವರ್ಷವಿಡೀ ಸೂಪಿನಿಂದ ಕೂದಲು ಆರಿಸಿ ಆರಿಸಿ, ಪಂದ್ಯಕ್ಕೆ ಒಂದು ವಾರವಿದ್ದಾಗ ತೀರ್ಮಾನ ಹೇಳಿಬಿಟ್ಟಳು.

"ನೋಡು ಹಾರ್ಲನ್, ಶನಿವಾರ ಆದ್ಮೇಲೆ ಈ ಮನೇಲಿ ಒಂದೋ ಆ ತಲೆ ಇರುತ್ತೆ, ಇಲ್ಲಾ ನಿನ್ನ ತೋಟಾ ಪ್ರೆಸ್ಸು ಇರುತ್ತೆ. ಎರಡರ ಧೂಳೂ ಒರೆಸೋಕೆ ನನಗೆ ಇರೋದು ಎರಡೇ ಕೈ."

ಅಡುಗೆಮನೆಯ ಹಿಂದಿನ ಉಗ್ರಾಣವೇ ಹಾರ್ಲನ್ನನ ಕಾರ್ಖಾನೆ. ಅಲ್ಲಿ ಬೆಂಚು, ಬೆಂಚಿನ ಮೇಲೆ ಚಿಪ್ಪಿಗೆ ಗುಂಡು ಒತ್ತಿ ಕೂರಿಸುವ ಪ್ರೆಸ್ಸು, ಪ್ರೆಸ್ಸಿನ ಪಕ್ಕದಲ್ಲಿ ಮುಚ್ಚಿಹೋದ ಔಷಧಿ ಅಂಗಡಿಯೊಂದರಿಂದ ತಂದ ಎರಡು ತಟ್ಟೆಯ ಹಿತ್ತಾಳೆ ತಕ್ಕಡಿ. ನೊಣ ಕೂತರೆ ತಲೆಬಾಗುವಷ್ಟು ಸೂಕ್ಷ್ಮ. ಹಿಟ್ಟಿನ ಡಬ್ಬಗಳು ಜಾಗವಿಲ್ಲದೆ ಹದಿನೆಂಟು ವರ್ಷದಿಂದ ಮಂಚದ ಕೆಳಗಿದ್ದವು. ಪ್ರೆಸ್ಸಿನ ಜಾಗದ ಮೇಲೆ ವರ್ಲಾಳ ಕಣ್ಣಿರುವುದು ಹಾರ್ಲನ್ನನಿಗೆ ಗೊತ್ತಿತ್ತು. ಹಾಗಾಗಿ ಈ ಸಲ ಸೋಲುವಂತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಕೈತೊಳೆದು, ಕನ್ನಡಕ ಏರಿಸಿ, ದೇವರ ಪೂಜೆಗೆ ಕೂತವನಂತೆ ಬೆಂಚಿನ ಮುಂದೆ ಕೂತ. ಒಂದು ತಟ್ಟೆಗೆ ತೂಕದ ಬಟ್ಟು, ಇನ್ನೊಂದಕ್ಕೆ ಮದ್ದು. ಮುಳ್ಳು ನೆಟ್ಟಗೆ ನಿಂತ ಮೇಲೆ ಮದ್ದನ್ನು ಚಿಪ್ಪಿಗೆ ಸುರಿದು, ಒಳಗೆ ಟಾರ್ಚು ಹಾಕಿ ಇಣುಕಿ, ಗುಂಡು ಕೂರಿಸಿ, ಪ್ರೆಸ್ಸಿನ ಹಿಡಿ ಎಳೆದರೆ ಒಂದು ತೋಟಾ. ಹೀಗೆ ಐವತ್ತು. ಪ್ರತಿಯೊಂದಕ್ಕೂ ನಂಬರು ಹಾಕಿ ಡಬ್ಬಿಯಲ್ಲಿ ಸಾಲಾಗಿ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ "ನಿರ್ದೋಷ" ಎಂದು ಬರೆದು, ಕಾಫಿ ಕುಡಿದು ಬಡಾಯಿ ಕೊಚ್ಚಲು ಮೇವಿನ ಅಂಗಡಿಗೆ ಹೋದ.

ಒಂದು ಗಂಟೆ ಬಿಟ್ಟು ವಾಪಸು ಬಂದು ನೋಡುತ್ತಾನೆ, ತಕ್ಕಡಿಯ ತಟ್ಟೆಯಲ್ಲಿ ಬೂದುಗಪ್ಪು ಕಾಳುಗಳು ಒಂದು ಪಾಲು ಹಾಗೇ ಕೂತಿವೆ.

ಎಲ್ಲ ಚಿಪ್ಪುಗಳ ಬಾಯಿ ಮುಚ್ಚಿಯಾಗಿದೆ, ಆದರೆ ಒಂದು ಪಾಲು ಮದ್ದು ತಟ್ಟೆಯಲ್ಲೇ ಉಳಿದಿದೆ. ಅಂದರೆ ಐವತ್ತರಲ್ಲಿ ಒಂದು ಖಾಲಿ. ಮದ್ದಿಲ್ಲದ ತೋಟಾ ಹಾರಿದರೆ ಚಿಪ್ಪಿನ ತಳದಲ್ಲಿ ಮದ್ದು ಹೊತ್ತಿಸಲು ಇರುವ ಕಿಡಿಯಷ್ಟೇ ಗುಂಡನ್ನು ಅರ್ಧ ದಾರಿಗೆ ತಳ್ಳಿ ನಳಿಕೆಯೊಳಗೇ ಕೂರಿಸಿಬಿಡುತ್ತದೆ. ಅದು ತಿಳಿಯದೆ ಇನ್ನೊಂದು ಹಾರಿಸಿದರೆ ಬಂದೂಕು ಬಾಳೆಹಣ್ಣಿನಂತೆ ಸುಲಿದುಕೊಳ್ಳುತ್ತದೆ, ಜೊತೆಗೆ ಹಿಡಿದವನ ಬೆರಳುಗಳೂ.

ಆಗ ಅವನು ಬಾಯಿಬಿಟ್ಟು ಹೆಂಡತಿಯನ್ನು ಒಂದು ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂವತ್ತೊಂದು ವರ್ಷ ತಪ್ಪು ಮಾಡದವನು ಹೇಗೆ ಕೇಳಿಯಾನು? ಉಗ್ರಾಣದ ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡ.

ಮೊದಲು ಒಂದೊಂದೇ ತೋಟಾವನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಅರವತ್ತೇಳು ವರ್ಷದ ಆ ಕಿವಿ ಗುಂಡಿನ ಸದ್ದಿಗೆ ಎಂದೋ ರಾಜೀನಾಮೆ ಕೊಟ್ಟಿತ್ತು. ಅದಕ್ಕೆ ಐವತ್ತೂ ಖಾಲಿಯೆಂದೇ ಕೇಳಿಸಿತು. ಆಮೇಲೆ ತೂಗಿ ನೋಡಿದ. ಚಿಪ್ಪಿನಿಂದ ಚಿಪ್ಪಿಗೆ, ಗುಂಡಿನಿಂದ ಗುಂಡಿಗೆ ತೂಕವೇ ಬೇರೆ, ತಿಳಿಯುವುದೇನು? ಕೊನೆಗೆ ಉಳಿದದ್ದು ಗುಂಡು ಕೀಳುವ ಸುತ್ತಿಗೆಯೊಂದೇ. ಅದರ ತಲೆ ಟೊಳ್ಳು. ತೋಟಾವನ್ನು ಅದರೊಳಗೆ ಸಿಕ್ಕಿಸಿ ನೆಲಕ್ಕೆ ಬಾರಿಸಿದರೆ, ಆ ಕುಲುಕಿಗೆ ಗುಂಡು ಸಡಿಲವಾಗಿ ಹೊರಗೆ ಬೀಳುತ್ತದೆ. ಒಂದಕ್ಕೆ ಮೂರು ಏಟು ಬೇಕು. ಐವತ್ತಕ್ಕೆ ನೂರೈವತ್ತು.

ಹನ್ನೆರಡನೆಯ ಏಟಿಗೆ ಬಾಗಿಲಾಚೆಯಿಂದ ವರ್ಲಾಳ ದನಿ ಬಂತು.

"ಏನದು ಕುಟ್ತಾ ಇರೋದು?"

"ಶೆಲ್ಫು."

"ಯಾವ ಶೆಲ್ಫು?"

"ಹೊಸ ಶೆಲ್ಫು."

"ಓವನ್‌ನಲ್ಲಿ ಕೇಕಿದೆ, ಮೆತ್ತಗೆ ಕುಟ್ಟು."

"ಶೆಲ್ಫನ್ನ ಮೆತ್ತಗೆ ಕುಟ್ಟೋಕಾಗಲ್ಲ ಮಾರಾಯ್ತಿ."

ಮೆತ್ತಗೆ ಕುಟ್ಟಿದರೆ ಗುಂಡು ಬರುವುದಿಲ್ಲ, ಜೋರಾಗಿ ಕುಟ್ಟಿದರೆ ಉಬ್ಬಿದ ಕೇಕು ಕುಸಿಯುತ್ತದೆ. ಹಾರ್ಲನ್ ಗುಂಡಿನ ಪಕ್ಷ ವಹಿಸಿದ. ಅರವತ್ತನೆಯ ಏಟಿಗೆ ಕಪಾಟಿನ ಬಟ್ಟಲುಗಳು ಒಂದರ ಪಕ್ಕ ಒಂದು ಸರಿದು ಹೊಸ ನೆಂಟಸ್ತನ ಬೆಳೆಸಿದವು. ತೊಂಬತ್ತಕ್ಕೆ ಗೋಡೆಯಾಚೆಯ ಸೆನೆಟರ್ ಮೊಳೆಯ ಮೇಲೆ ವಾಲಿ, ಇದ್ದ ಒಂದು ಕಣ್ಣನ್ನು ಉಗ್ರಾಣದ ಕಡೆಗೆ ತಿರುಗಿಸಿದ. ನಲವತ್ತೊಂಬತ್ತು ತೋಟಾಗಳು ಬಿಚ್ಚಿದವು, ನಲವತ್ತೊಂಬತ್ತರಲ್ಲೂ ಮದ್ದಿತ್ತು. ಹಾರ್ಲನ್ ಬೆವರು ಒರೆಸಿಕೊಂಡು ಐವತ್ತನೆಯದನ್ನು ಎತ್ತಿ, ಕಳ್ಳ ಸಿಕ್ಕಿಬಿದ್ದ ಎಂದು ನಕ್ಕು, ಮೂರು ಏಟು ಬಾರಿಸಿದ.

ಅದರಲ್ಲೂ ಮದ್ದಿತ್ತು.

ಅವನು ನೆಲದ ಮೇಲೇ ಕೂತು ಎಣಿಸಿದ. ಐವತ್ತು ಚಿಪ್ಪು, ಐವತ್ತೊಂದು ಪಾಲು. ಕೊನೆಗೆ, ಲೆಕ್ಕವೆಂಬುದು ಮಾಸ್ತರರಿಗೆ ಸಂಬಂಧಿಸಿದ್ದು ಎಂದು ಸಮಾಧಾನ ಮಾಡಿಕೊಂಡು, ಬಿಚ್ಚಿದ ಮದ್ದನ್ನೆಲ್ಲ ಒಂದು ಬೋಗುಣಿಗೆ ಸುರಿದು, ತಟ್ಟೆಯಲ್ಲಿದ್ದ ಪಾಲನ್ನು ಕಟ್ಟಕಡೆಗೆ ಅದರ ಮೇಲೆ ಸುರುವಿದ. ಮದ್ದನ್ನು ಎಂದೂ ಕಲಕಬಾರದೆಂಬುದು ಅವನದೇ ನಿಯಮ, ನೋಟ್‌ಬುಕ್ಕಿನ ಏಳನೆಯ ಪುಟ. ಕಲಕಲಿಲ್ಲ. ಬೆವರಿಗೆ ಮಂಜಾದ ಕನ್ನಡಕವನ್ನು ಹಣೆಗೇರಿಸಿ, ಮೇಲಿನಿಂದ ಒಂದೊಂದೇ ಪಾಲು ತೂಗುತ್ತ ಮತ್ತೆ ಐವತ್ತು ತುಂಬಿದ. ಮೊದಲನೆಯ ಚಿಪ್ಪು ಯಾಕೋ ಕಂಠದವರೆಗೆ ತುಂಬಿದಂತಿತ್ತು. ತೂಕ ಸರಿಯಿದ್ದ ಮೇಲೆ ಕಣ್ಣಿನ ಮಾತು ಯಾರಿಗೆ ಬೇಕು? ಒಂದು, ಎರಡು ಎಂದು ನಂಬರು ಹಾಕುತ್ತ ಐವತ್ತು ಮುಗಿಸಿ ನೋಡಿದರೆ, ಬೋಗುಣಿಯಲ್ಲಿ ಮತ್ತೆ ಒಂದು ಪಾಲು ಉಳಿದಿತ್ತು.

ಈ ಸಲ ಹಾರ್ಲನ್ ಅದನ್ನು ನೋಡಲೇ ಇಲ್ಲ. ಬೇರೆ ಕಡೆ ನೋಡುತ್ತ ಮದ್ದಿನ ಡಬ್ಬಕ್ಕೆ ಸುರಿದು ಮುಚ್ಚಳ ಹಾಕಿದ.

ಶನಿವಾರ ಹೊಳೆಯಾಚೆಯ ಇಳಿಜಾರಿನಲ್ಲಿ, ಪಂದ್ಯದ ಗುರಿಯಾದ ಕಬ್ಬಿಣದ ಕಾಡುಕೋಣ ಎಂದಿನಂತೆ ಹುಲ್ಲು ಮೇಯುವ ಭಂಗಿಯಲ್ಲಿ ನಿಂತಿತ್ತು. ಒಬ್ಬೊಬ್ಬರಿಗೂ ಐದು ಗುಂಡು ರಿವಾಲ್ವರಿನಿಂದ, ಹತ್ತು ರೈಫಲಿನಿಂದ. ಡೆಲ್ಮರ್ ಮೊದಲು ಹಾರಿಸಿ ಒಂಬತ್ತು ಸಲ ಠಣ್ ಎನ್ನಿಸಿದ್ದ. ಗೆಲ್ಲಲು ಹಾರ್ಲನ್ನನಿಗೆ ಹತ್ತು ಬೇಕಿತ್ತು. ಡೆಲ್ಮರ್ ಬಯಲಿನಲ್ಲಿ ಹಾಕಿದ್ದ ಊಟದ ಮೇಜಿನ ಬಳಿ ನಿಂತು, ನಡುವೆ ಕೆರೆಯಂತೆ ಕುಸಿದ ವರ್ಲಾಳ ನಿಂಬೆ ಕೇಕನ್ನು ತಿನ್ನುತ್ತ, ಅಕ್ಕ ಈ ಸಲ ಗಸಗಸೆ ಹಾಕಲು ಮರೆತಿದ್ದಾಳೆಂದು ಆಕ್ಷೇಪ ಎತ್ತಿದ. ಅಜ್ಜಿಯ ಕಾಲದಿಂದ ಆ ಕೇಕಿಗೆ ಮದುವೆಯುಂಗುರದ ತೂಕದಷ್ಟು ಗಸಗಸೆ, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ನಾನು ಉಂಗುರ ಬಿಚ್ಚಿಟ್ಟು ತೂಗಿದ್ದು ಚೆನ್ನಾಗಿ ನೆನಪಿದೆ, ನಿನ್ನ ನಾಲಿಗೆಯೇ ಕೆಟ್ಟಿದೆ ಎಂದು ವರ್ಲಾ ತಮ್ಮನ ಬಾಯಿ ಮುಚ್ಚಿಸಿದಳು.

ಹಾರ್ಲನ್ ಗುಂಡು ಹಾರಿಸುವ ಗೆರೆಯ ಮೇಲೆ ಬಂದು ನಿಂತ. ಕ್ರಮ ತಪ್ಪದ ಮನುಷ್ಯ; ಮೊದಲನೆಯ ನಂಬರಿನ ತೋಟಾವೇ ಮೊದಲು. ನಾಯಿಗಳು ಅಭ್ಯಾಸಬಲದಿಂದ ಪಿಕಪ್ ಗಾಡಿಗಳ ಕೆಳಗೆ ಸೇರಿಕೊಂಡವು. ಹೆಂಗಸರು ಕಿವಿಗೆ ಬೆರಳಿಟ್ಟುಕೊಂಡರು. ಒಬ್ಬರು ಕೃತಕ ಹಲ್ಲನ್ನು ತೆಗೆದು ಜೇಬಿನಲ್ಲಿಟ್ಟುಕೊಂಡರು. ಹಾರ್ಲನ್ ಎರಡೂ ಕೈಯಲ್ಲಿ ರಿವಾಲ್ವರ್ ಎತ್ತಿ, ಉಸಿರು ಹಿಡಿದು, ಅದರ ಕುದುರೆ ಎಳೆದ.

ಪುಸ್.

ಬಿಸಿ ಕಾಫಿಯನ್ನು ಊದಿದರೆ ಇದಕ್ಕಿಂತ ಜೋರು ಸದ್ದಾಗುತ್ತದೆ. ಕಾಡುಕೋಣ ಮೇಯುವುದನ್ನು ನಿಲ್ಲಿಸಲಿಲ್ಲ. ಗುಂಡು ನಳಿಕೆಯೊಳಗೇ ಕೂತಿತ್ತು. ಗಾಳಿಯಲ್ಲಿ ಹುರಿದ ರೊಟ್ಟಿಯಂಥ ಸುವಾಸನೆ ತೇಲಿತು.

"ಭಾವ, ಅದೇನು ಗುಂಡು ಹಾರಿಸಿದ್ಯೋ, ಇಲ್ಲಾ ಗುಟ್ಟು ಹೇಳಿದ್ಯೋ?" ಎಂದ ಡೆಲ್ಮರ್.

ಪಂದ್ಯದ ತೀರ್ಪುಗಾರ ಇಂಗ್ವಾಲ್ಡ್, ನಿವೃತ್ತ ಟಪಾಲಿನವ, ನಗುವ ಜಾತಿಯವನಲ್ಲ. ಒಂದು ತೋಟಾ ಹೀಗಾದರೆ ಇಡೀ ಡಬ್ಬಿಯನ್ನೇ ನಂಬುವಂತಿಲ್ಲ, ಹಾರಿಸಿದವನು ಸೋತಂತೆ ಗೆರೆ ಬಿಡಬೇಕು, ಅದು ನಿಯಮ. ಅವನು ರಿವಾಲ್ವರನ್ನು ಬಿಚ್ಚಿ ಊಟದ ಮೇಜಿನ ಮೇಲಿಟ್ಟು, ನಳಿಕೆಗೆ ಹಿತ್ತಾಳೆ ಸರಳು ತೂರಿಸಿ ಮರದ ಸುತ್ತಿಗೆಯಿಂದ ತಟ್ಟಿದ. ಗುಂಡು ಟಪ್ಪೆಂದು ಕೇಕಿನ ಕೆರೆಯಲ್ಲಿ ಬಿತ್ತು. ಅದರ ಹಿಂದೆಯೇ ಬೂದುಗಪ್ಪು ಕಾಳುಗಳು ಸೊರಸೊರನೆ ಸುರಿದವು.

ಮದ್ದಿಗೆ ತೇವ ತಾಗಿದೆ ಎಂದ ಹಾರ್ಲನ್. ವರ್ಲಾ ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡಳು. ಸುತ್ತ ನಿಂತವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

"ಇದು ನನ್ನ ಗಸಗಸೆ," ಎಂದಳು ಅವಳು.

ನಮ್ಮ ಕಡೆಯ ಗಸಗಸೆ ಬಿಳಿ. ಆ ಸೀಮೆಯದು ಕಪ್ಪು, ಥೇಟ್ ಮದ್ದಿನ ಬಣ್ಣ. ಕಥೆ ಎಳೆಎಳೆಯಾಗಿ ಹೊರಬಿತ್ತು. ಉಂಗುರದಷ್ಟು ಸಣ್ಣ ತೂಕಕ್ಕೆ ಅಡುಗೆಮನೆಯ ತೂಕದ ಯಂತ್ರ ಮಿಸುಕುವುದಿಲ್ಲ. ಆದ್ದರಿಂದ ಗಂಡ ಕಾಫಿಗೆ ಹೋದಾಗ ವರ್ಲಾ ಅವನ ತಕ್ಕಡಿಯ ಒಂದು ತಟ್ಟೆಗೆ ಉಂಗುರ, ಇನ್ನೊಂದಕ್ಕೆ ಗಸಗಸೆ ಹಾಕಿದ್ದಳು. ತೂಗಿ ಮುಗಿದು ಉಂಗುರ ತೊಡುವಷ್ಟರಲ್ಲಿ ಕೋಳಿಗೂಡಿಗೆ ನರಿ ಬಂತು. ಪೊರಕೆ ಹಿಡಿದು ಓಡಿದವಳು ವಾಪಸು ಬಂದಾಗ ಉಗ್ರಾಣದ ಬಾಗಿಲು ಹಾಕಿತ್ತು. ತೂಗಿದ ಮೇಲೆ ಕೇಕಿಗೆ ಹಾಕಿಯೇ ಇರುತ್ತೇನೆ ಎಂದುಕೊಂಡು ಓವನ್‌ಗೆ ಇಟ್ಟಿದ್ದಳು. ಅಂದರೆ ಮೊದಲ ಐವತ್ತರಲ್ಲಿ ಖಾಲಿ ಒಂದೂ ಇರಲಿಲ್ಲ. ಕೆಟ್ಟ ತೋಟಾವನ್ನು ಹುಡುಕಲು ಹೋಗಿ ಹಾರ್ಲನ್ ತನ್ನ ಕೈಯಾರೆ ಒಂದನ್ನು ತಯಾರಿಸಿದ್ದ.

ಹಾರ್ಲನ್ನನ ಮುಖ ಮಾತ್ರ ಅರಳಿತು. ಮದ್ದೇ ಇಲ್ಲದ ಮೇಲೆ ಅದು ತೋಟಾ ಹೇಗಾಗುತ್ತದೆಂದು ಅವನು ಮೇಜು ಕುಟ್ಟಿ ವಾದಿಸಿದ. ಸಿಡಿಯದೇ ಹೋದದ್ದು ವರ್ಲಾಳ ಕೇಕು, ತನ್ನ ತೋಟಾ ಅಲ್ಲ. ಪಂದ್ಯ ರದ್ದಾಗಬೇಕು, ಸೆನೆಟರ್ ಡೆಲ್ಮರನ ಮನೆಗೆ ಹೋಗಬೇಕು, ಇಲ್ಲವೇ ಮುಂದಿನ ಶನಿವಾರ ಇನ್ನೊಮ್ಮೆ ಹಾರಿಸಬೇಕು. ಅದು ತನ್ನ ಅಡುಗೆಯೆಂದು ವರ್ಲಾ ಎಲ್ಲರೆದುರು ಒಪ್ಪಿಕೊಂಡರೆ ಇನ್ನೊಂದು ದಿನ ಗೊತ್ತುಮಾಡಲು ತನ್ನದೇನೂ ಅಡ್ಡಿಯಿಲ್ಲವೆಂದ ಇಂಗ್ವಾಲ್ಡ್.

ಎಲ್ಲರೂ ವರ್ಲಾಳ ಕಡೆ ತಿರುಗಿದರು. ಹೂಂ ಎಂದರೆ ಸಾಕು, ಸೂಪಿನ ಕೂದಲು ತಪ್ಪುವ ದಾರಿ ತೆರೆಯುತ್ತದೆ. ಹಾರ್ಲನ್ ಅವಳಿಗೆ ಕಣ್ಣು ಮಿಟುಕಿಸಿದ, ಕೆಮ್ಮಿದ, ಹೂಂ ಎನ್ನುವಂತೆ ತಲೆಯನ್ನೂ ಆಡಿಸಿದ. ಅವಳು ಇನ್ನೊಂದು ಚಿಟಿಕೆ ಎತ್ತಿ, ನಿಧಾನವಾಗಿ ಅಗಿದು ನೋಡಿದಳು.

"ನಲವತ್ತು ವರ್ಷದಿಂದ ನನ್ನ ಓವನ್‌ನಿಂದ ಅರೆಬೆಂದಿದ್ದು ಒಂದೂ ಆಚೆ ಬಂದಿಲ್ಲ, ಇಂಗ್ವಾಲ್ಡ್. ಇದು ಅರೆಬೆಂದಿದೆ. ಅವನದೇ ಅಂತ ಬರ್ಕೋ."

ಇಂಗ್ವಾಲ್ಡ್ ಬರೆದುಕೊಂಡ. ಹಾರ್ಲನ್ ಹ್ಯಾಟು ತೆಗೆದು ಕೈಯಲ್ಲಿ ತಿರುಗಿಸುತ್ತ, ಡೆಲ್ಮರನಿಗೆ ಕೇಳಿಸದಷ್ಟು ಮೆಲ್ಲಗೆ ಹೆಂಡತಿಯನ್ನು ಕೇಳಿದ.

"ಹಾಗಾದ್ರೆ ಪ್ರೆಸ್ಸು?"

"ನಾಳೆ ಬಿಚ್ಚಿಬಿಡು. ಆ ಜಾಗದಲ್ಲಿ ಹಿಟ್ಟಿನ ಡಬ್ಬ ಇಡಬೇಕು," ಎಂದಳು ವರ್ಲಾ, ಕೇಕಿನಿಂದ ಗುಂಡನ್ನು ಹೆಕ್ಕಿ ಅವನ ಅಂಗೈಯಲ್ಲಿಡುತ್ತ. "ತಕ್ಕಡಿ ಮಾತ್ರ ಅಲ್ಲೇ ಇರಲಿ. ಆ ಕೋಣೇಲಿ ಇಷ್ಟು ವರ್ಷ ತಪ್ಪು ಮಾಡದೇ ಇದ್ದಿದ್ದು ಅದೊಂದೇ."