ಕಾಕಾ ಒಪ್ಪದ ಗಾಜು

ನಮ್ಮ ಕಾಕಾನ ಕೈಗೆ ಮಾತ್ರ ನಿಮ್ಮ ಕನ್ನಡಕ ಕೊಡಬೇಡಿ! ಕೊಟ್ಟರೆ, ಇಷ್ಟು ದಿನ ಯಾವ ಭಂಡಧೈರ್ಯದ ಮೇಲೆ ರಸ್ತೆ ದಾಟಿದಿರಿ ಎಂದು ನಿಮಗೇ ನಡುಕ ಹುಟ್ಟಿಸಿ ಕಳಿಸುತ್ತಾರೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಹೆಂಡತಿ, ನಮ್ಮ ಕಾಕುವಿನ ಕಣ್ಣು ಮಂಜಾಗತೊಡಗಿದಾಗ ಡಾಕ್ಟರು ನೋಡಿ, ನರ ಒಣಗುತ್ತಿದೆ, ಯಾವ ಕನ್ನಡಕವೂ ಉಪಯೋಗವಿಲ್ಲ ಎಂದರು. ಕಾಕಾ ಒಪ್ಪುವ ಪೈಕಿಯೇ?

"ಆಕಿ ಕಣ್ಣು ಛಲೋ ಅದ. ಗ್ಲಾಸ್ ಖೋಟಾ ಅದ!"

ಅದನ್ನು ಸಾಬೀತು ಮಾಡಲು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ತಮ್ಮ ಮನೆಯ ಊಟದ ಮೇಜಿನ ಮೇಲೆ ಗಾಜಿನ ದೋಷ ಅಳೆಯುವ ಯಂತ್ರ ಕಟ್ಟಿದರು. ಅಂದಿನಿಂದ ಆ ಮನೆಯಲ್ಲಿ ಎಲ್ಲರೂ ನೆಲದ ಮೇಲೆ ಕೂತೇ ಉಣ್ಣುತ್ತಾರೆ.

ಯಂತ್ರದ ಸಂಗತಿ ಸರಳ. ಲೇಸರ್ ಬೆಳಕು ಗಾಜನ್ನು ಹಾದುಹೋಗುತ್ತದೆ. ಆಚೆ ಸಾಸಿವೆಗಿಂತ ಸಣ್ಣ ಮಸೂರಗಳನ್ನು ಸಾಲಾಗಿ ಕೂರಿಸಿದ ಫಲಕ, ಅದರ ಹಿಂದೆ ಕ್ಯಾಮೆರಾ. ಒಂದೊಂದು ಮಸೂರವೂ ಕಂಪ್ಯೂಟರ್ ಪರದೆಯ ಮೇಲೆ ಒಂದೊಂದು ಚುಕ್ಕಿ ಇಡುತ್ತದೆ. ಗಾಜು ಶುದ್ಧವಾಗಿದ್ದರೆ ಚುಕ್ಕಿಗಳು ರಂಗೋಲಿಯ ಚುಕ್ಕಿಗಳಂತೆ ಸಾಲಾಗಿ ನಿಲ್ಲುತ್ತವೆ. ಗಾಜಿನಲ್ಲಿ ಎಲ್ಲೋ ಒಂದು ಎಳೆ, ಒಂದು ಉಬ್ಬು ಇದ್ದರೆ ಅಲ್ಲಿ ಬೆಳಕಿನ ಅಲೆ ಡೊಂಕಾಗಿ ಚುಕ್ಕಿ ಜಾಗ ಬಿಟ್ಟು ಸರಿಯುತ್ತದೆ. ಸರಿದಷ್ಟೂ ದೋಷ. ಕನ್ನಡಕದ ನಂಬರಿನಿಂದ ಆಗುವ ಬಾಗನ್ನು ಕಾಕಾ ಲೆಕ್ಕದಲ್ಲಿ ಮೊದಲೇ ಕಳೆದಿರುತ್ತಾರೆ. ಗಾಜಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಸೂಪರ್ ಮಾರ್ಕೆಟ್ಟಿನ ಚಸ್ಮಾ ಅಂಗಡಿಯ ಸಾಹೇಬರಂತೂ, ಕೊಂಡ ಗಾಜನ್ನೆಲ್ಲ ಅಳೆದು ಮರಳಿಸುವ ಕಾಕಾನ ನೆರಳು ಕಂಡರೆ ಶಟರ್ ಎಳೆಯುವಷ್ಟು ರೋಸಿಹೋಗಿದ್ದರು.

"ಸರ್, ಇಡೀ ಕಲಬುರಗಿ ಇದೇ ಗ್ಲಾಸಿನ್ಯಾಗ ಪೇಪರ್ ಓದ್ತದರೀ. ನಿಮಗೊಬ್ಬರಿಗೇ ಯಾಕ್ರೀ ಪರೇಶಾನಿ?"

"ಇಡೀ ಕಲಬುರಗಿ ತಪ್ಪು ಓದಾಕತ್ತದ, ಸಾಹೇಬ್ರ!"

ಕಮಲಾಪುರ ಕಾಕುವಿನ ತವರು. ಅಲ್ಲಿ ಆಕೆಯ ತಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಬೆವರು ಒರೆಸಲು ವರ ಕನ್ನಡಕ ತೆಗೆದಿದ್ದೇ ತಪ್ಪಾಯಿತು! ಕಾಕಾ ಅದನ್ನೆತ್ತಿಕೊಂಡು ಒಳಗೆ ನಡೆದರು. ಯಂತ್ರವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರಲ್ಲ! ಸ್ವಲ್ಪ ಹೊತ್ತಿಗೆ ಒಳಗಿಂದ ಕೂಗು:

"ಎಡಗಡಿ ದೋಷ ಅದ!"

ಉಪ್ಪಿಟ್ಟು ತಿನ್ನುತ್ತಿದ್ದ ವರನ ತಾಯಿ ಎದ್ದೇ ನಿಂತರು. "ನಮ್ಮ ಹುಡುಗಗ ಎಡಗಡಿ ಏನಾಗ್ಯದರೀ?"

ಇತ್ತ ವರ ಮಹಾಶಯ, ಹುಡುಗಿಯೆಂದು ತಿಳಿದು ನಮ್ಮ ಕಾಕುವಿನ ಕಡೆ ಮುಗುಳ್ನಗುತ್ತ ಕೂತಿದ್ದ. ಕಾಕು ತಿರುಗಿ ನಗಲಿಲ್ಲ. ಆಕೆಗೂ ಅವನು ಕಾಣುತ್ತಿರಲಿಲ್ಲ.

ಕೊನೆಗೆ ಸಾಹೇಬರೇ ಹಟ ತೊಟ್ಟು ಹೈದರಾಬಾದಿನಿಂದ ಕಾಕುವಿನ ನಂಬರಿನ ಒಂದು ಜೊತೆ ಗಾಜು ತರಿಸಿಕೊಟ್ಟರು. ಅಳೆಯುವಾಗ ನಾನು ಪಕ್ಕದಲ್ಲೇ ಇದ್ದೆ. ಪರದೆಯ ಮೇಲೆ ಚುಕ್ಕಿಗಳೆಲ್ಲ ಸಾಲಾಗಿ ನಿಂತವು. ಕಾಕಾ ಗಾಜನ್ನು ಒರೆಸಿ ಇಟ್ಟರು, ತಿರುಗಿಸಿ ಇಟ್ಟರು. ಒಂದೂ ಕದಲಲಿಲ್ಲ. ನಾನು ಪೆದ್ದನಂತೆ ಚಪ್ಪಾಳೆ ತಟ್ಟಿದೆ.

ಕಾಕಾ ಮೇಜಿಗೆ ತಲೆ ಆನಿಸಿ ಕೂತುಬಿಟ್ಟರು.

"ಗ್ಲಾಸಿನ್ಯಾಗ ಏನೂ ಇಲ್ಲಪಾ. ಇನ್ನ ನಾ ಯಾರಿಗೆ ಬೈಲಿ?"

ನನಗೆ ಅಳು ಬಂತು. ಇಷ್ಟು ದಿನ ನಕ್ಕಿದ್ದಕ್ಕೆಲ್ಲ ಸೇರಿಸಿ ಬಂತು.

ಮರುದಿನ ಬೆಳಿಗ್ಗೆ ಕಾಕು ಹೊಸ ಕನ್ನಡಕ ಹಾಕಿಕೊಂಡು ಬಾಗಿಲ ಮುಂದೆ ರಂಗೋಲಿಗೆ ಕೂತರು. ಚುಕ್ಕಿಗಳು ಕೆಲವು ಒಂದರ ಮೇಲೊಂದು ಬಿದ್ದಿದ್ದವು, ಕೆಲವು ಮೆಟ್ಟಿಲು ಹತ್ತಿದ್ದವು, ಕೆಲವು ತುಳಸಿಕಟ್ಟೆಯ ಬುಡ ಸೇರಿದ್ದವು.

"ಸಾಲು ಸರಿ ಬಂದಾವೇನ್ರೀ?"

ಬಾಗಿಲಲ್ಲಿ ನಿಂತಿದ್ದ ಕಾಕಾ ಆ ಚುಕ್ಕಿಗಳನ್ನು ಒಂದೊಂದಾಗಿ, ಬಹಳ ಹೊತ್ತು ನೋಡಿದರು.

"ಒಂದೂ ಜಾಗ ಬಿಟ್ಟು ಸರದಿಲ್ಲ," ಎಂದರು. ಆಮೇಲೆ ಮೊಣಕಾಲು ಹಿಡಿದುಕೊಂಡು ಆಕೆಯ ಪಕ್ಕ ನೆಲಕ್ಕೆ ಕೂತರು. "ನೀ ಗೆರಿ ಎಳಿ. ನಾ ಕೈ ಹಿಡಿತೀನಿ."