ಐವತ್ತನಾಲ್ಕು ದೂರಿನ ಮನೆ

ನಮ್ಮ ಕಥಾನಾಯಕರ ಮುತ್ತಜ್ಜ ನೇಯ್ಗೆ ಗಿರಣಿಯ ಮೇಸ್ತ್ರಿ. ಇನ್ನೂರು ಮಗ್ಗಗಳ ಗದ್ದಲದ ನಡುವೆ ಯಾರು ಆಕಳಿಸಿದರೆಂಬುದನ್ನು ಬರೀ ಬೆನ್ನು ನೋಡಿ ಹೇಳುತ್ತಿದ್ದ ಮಹಾಪುರುಷ. ಅಜ್ಜ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವರ ಹಿಂದೆ ಮೂವತ್ತೊಂದು ವರ್ಷ ನಿಂತೇ ಸವೆದವನು. ಅವನು ನಿಂತ ಕಲ್ಲುಹಾಸಿನಲ್ಲಿ ಎರಡು ಪಾದದ ಗುಳಿ ಬಿದ್ದಿತ್ತಂತೆ. ಇನ್ನು ಅಪ್ಪ, ಅಂಚೆ ವಿಂಗಡಿಸುವ ಕೋಣೆಯ ಮುಖ್ಯಸ್ಥ. ತೂಕಡಿಸುವವರ ಕತ್ತಿನ ಹಿಂದೆ ಮೆಲ್ಲಗೆ ಉಫ್ ಎಂದು ಊದಿ ಎಬ್ಬಿಸುವುದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಒಟ್ಟಿನಲ್ಲಿ, ಕಂಡವರ ಬೆನ್ನ ಹಿಂದೆ ನಿಲ್ಲುವುದನ್ನೇ ಕುಲಕಸುಬು ಮಾಡಿಕೊಂಡ ವಂಶ!

ಆ ವಂಶದ ಕುಡಿಯೇ ನಮ್ಮ ಮೇಲ್ವಿಚಾರಕರು. ನೀರೆತ್ತುವ ಮೋಟಾರು ಮಾಡುವ ಕಂಪನಿಯೊಂದರ ದೂರು ವಿಭಾಗ ಅವರ ಕೈಯಲ್ಲಿತ್ತು. ಮೋಟಾರು ಕೆಟ್ಟವರು ಫೋನು ಮಾಡುವುದು, ಒಂಬತ್ತು ಜನ ಕೆಲಸಗಾರರು ಸಮಾಧಾನ ಹೇಳಿ ದೂರು ದಾಖಲಿಸುವುದು, ಮೇಲ್ವಿಚಾರಕರು ಅವರ ಹಿಂದೆ ಕೈ ಕಟ್ಟಿಕೊಂಡು ಅಡ್ಡಾಡುವುದು. ಹೀಗೆ ಸುಸೂತ್ರವಾಗಿ ನಡೆಯುತ್ತಿದ್ದಾಗ ಕಂಪನಿಯವರು ಇವರೆಲ್ಲ ಕೂರುತ್ತಿದ್ದ ದೊಡ್ಡ ಹಜಾರಕ್ಕೆ ಬೀಗ ಜಡಿದು, ಇನ್ನು ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಎಂದುಬಿಟ್ಟರು. ಒಂಬತ್ತು ಜನ ಒಂಬತ್ತು ಮನೆಯಲ್ಲಿ ಗೋಡೆಗೆ ಒರಗಿ ಕೂತರು. ಹಿಂದೆ ನಿಲ್ಲೋಣವೆಂದರೆ ಜಾಗವೇ ಇಲ್ಲ!

ಸಾಲದ್ದಕ್ಕೆ ಒಂದು ಬೆಳಗ್ಗೆ ಕಂಪನಿಯ ಯಜಮಾನಿಯ ಫೋನು ಬಂತು.

"ಮೂರು ತಿಂಗಳಲ್ಲಿ ಮೂರು ಜನ ಕೆಲಸ ಬಿಟ್ಟು, ಅವರ ಜಾಗಕ್ಕೆ ಹೊಸಬರನ್ನ ಹಾಕಿದ್ದಾಯ್ತು. ಮೂವರೂ ಒಂದೇ ಮಾತು ಬರ್ದಿದಾರೆ: 'ನಾವು ಇದ್ದೀವೋ ಇಲ್ವೋ ಅಂತ ಕೇಳೋರಿಲ್ಲ.' ಏನ್ರೀ ಇದು?"

"ಅಮ್ಮಾ, ಅದು..."

"ಇನ್ನೊಬ್ಬರು ಬಿಟ್ರೆ ಈ ವಿಭಾಗ ಬೇರೆಯವರಿಗೆ ಕೊಡ್ತೀನಿ. ಇವತ್ತು ನಾಲ್ಕು ಗಂಟೆಗೆ ಎಲ್ಲರನ್ನೂ ವಿಡಿಯೋದಲ್ಲಿ ಕೂರಿಸಿ. ನಾನೇ ಕೇಳ್ತೀನಿ."

ಮೂರು ತಲೆಮಾರು ಕಾದ ಹುದ್ದೆ ನಾಲ್ಕನೆಯ ತಲೆಮಾರಿನಲ್ಲಿ ನೀರುಪಾಲಾಗುವುದೇ? ಮೇಲ್ವಿಚಾರಕರು ಎದ್ದು ನಿಂತು, ಪಂಚೆ ಬಿಗಿದು, ಹೆಂಡತಿಯ ಮುಂದೆ ಘೋಷಿಸಿದರು.

"ಇವತ್ತಿಂದ ಗಂಟೆಗೊಂದು ಸಲ ಒಬ್ಬೊಬ್ಬರಿಗೂ ಫೋನ್ ಮಾಡಿ ಕಷ್ಟಸುಖ ಕೇಳ್ತೀನಿ. ಕೇಳೋರಿಲ್ಲ ಅಂತಾರಾ? ಕೇಳಿ ಕೇಳಿ ಸುಸ್ತು ಮಾಡ್ತೀನಿ ನೋಡು!"

"ರೀ, ಅವರು ಕೆಲಸ ಯಾವಾಗ ಮಾಡ್ಬೇಕು?"

"ನಿನಗೆ ಆಡಳಿತ ಗೊತ್ತಾಗಲ್ಲ, ಸುಮ್ನಿರು."

"ಸರಿ ಬಿಡಿ. ನನಗೆ ತಲೆಗೆ ಬಣ್ಣ ಹಚ್ಚೋದಿದೆ. ನಿಮ್ಮ ಆಡಳಿತದಿಂದ ನನ್ನ ಬಚ್ಚಲಿಗೆ ತೊಂದರೆ ಆಗದಿದ್ರೆ ಸಾಕು."

ಕೆಲಸದ ಹೊತ್ತಿನಲ್ಲಿ ಯಾರೂ ಸ್ವಂತ ಮೊಬೈಲು ಮುಟ್ಟಕೂಡದೆಂಬ ಕಟ್ಟಳೆ ಮೇಲ್ವಿಚಾರಕರದೇ. ಹಾಗಾಗಿ ಅವರು ಮನೆಯ ಫೋನಿನಿಂದ, ಗ್ರಾಹಕರು ಬಳಸುವ ದೂರಿನ ಸಂಖ್ಯೆಗೇ ಕರೆ ಹಚ್ಚಿ, ಒಬ್ಬೊಬ್ಬರನ್ನಾಗಿ ಹಿಡಿದರು.

"ಹೇಗಿದ್ದೀರಮ್ಮ? ತಿಂಡಿ ಆಯ್ತಾ? ಬೇಜಾರಿಲ್ಲ ತಾನೆ? ಭೇಷ್!" ಫೋನು ಟಕ್. ಮುಂದಿನವರು.

ಎರಡನೆಯ ಸುತ್ತಿನಲ್ಲಿ, ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದ ಹಿರಿಯಕ್ಕ ಬಾಯಿ ತೆರೆದಳು. "ಸಾರ್, ಈ ನಂಬರಿಗೆ ಫೋನ್ ಮಾಡಿದ್ರೆ ಏನಾಗುತ್ತೆ ಅಂದ್ರೆ..."

"ಸಂಕೋಚ ಬೇಡಮ್ಮ! ಇದು ನನ್ನ ಧರ್ಮ!" ಟಕ್.

ಏನಾಗುತ್ತದೆಂದು ಅವಳು ಹೇಳಬೇಕೆಂದಿದ್ದದ್ದು ಇಷ್ಟು. ಆ ಸಂಖ್ಯೆಗೆ ಯಾರು ಕರೆ ಮಾಡಿದರೂ ಕಂಪ್ಯೂಟರು ತಾನೇ ಅವರ ವಿಳಾಸ ಹುಡುಕಿ ದೂರೆಂದು ಬರೆದುಕೊಳ್ಳುತ್ತದೆ. ಮೇಲ್ವಿಚಾರಕರ ಮನೆಯಲ್ಲಿ ಇದ್ದದ್ದೂ ಅದೇ ಕಂಪನಿಯ ಮೋಟಾರು. ಫೋನು ಮುಗಿದ ಮೇಲೆ ಕೆಲಸಗಾರರು ಪಟ್ಟಿಯಲ್ಲಿ ಯಾವುದಾದರೊಂದು ದೋಷಕ್ಕೆ ಗುರುತು ಹಾಕಲೇಬೇಕು, ಇಲ್ಲದಿದ್ದರೆ ಮುಂದಿನ ಕರೆ ಬಾರದು. 'ಕುಶಲ ವಿಚಾರಣೆ' ಎಂಬ ದೋಷ ಪಟ್ಟಿಯಲ್ಲಿ ಇರಲಿಲ್ಲ. ಪಾಪ, ಅವರೇನು ಮಾಡಿಯಾರು? ಕೆಲವರು 'ವಿಪರೀತ ಸದ್ದು' ಎಂದು ಗುರುತಿಸಿದರು. ಕೆಲವರು 'ಬಿಸಿಯಾಗುತ್ತಿದೆ' ಎಂದರು. ಹಿರಿಯಕ್ಕ ಮಾತ್ರ ಪ್ರತಿ ಸಲವೂ 'ಎಷ್ಟು ಮಾಡಿದರೂ ನಿಲ್ಲುತ್ತಿಲ್ಲ' ಎಂಬುದಕ್ಕೇ ಗುರುತು ಹಾಕಿದಳು.

ಎರಡು ಗಂಟೆಗೆ ಆರನೆಯ ಸುತ್ತು ಮುಗಿಯಿತು. ಆರೊಂಬತ್ತಲ ಐವತ್ತನಾಲ್ಕು! ಮೇಲ್ವಿಚಾರಕರು ಗಂಟಲು ಕಟ್ಟಿ, ಕಿವಿ ಕೆಂಪಗಾಗಿ, ಯುದ್ಧ ಗೆದ್ದವರಂತೆ ಆರಾಮಕುರ್ಚಿಗೆ ಒರಗಿದರು.

ನಾಲ್ಕಕ್ಕೆ ಕಾಲು ಗಂಟೆ ಇತ್ತು. ಹೊಸ ಅಂಗಿ ತೊಟ್ಟು, ತಲೆ ಬಾಚಿ, ಲ್ಯಾಪ್‌ಟಾಪಿನ ಮುಂದೆ ಕೂರಬೇಕು, ಅಷ್ಟರಲ್ಲಿ ಬಾಗಿಲಲ್ಲಿ ವ್ಯಾನು ನಿಂತ ಸದ್ದಾಯಿತು. ಸ್ಪ್ಯಾನರು ಹೆಗಲಿಗೇರಿಸಿದ ಇಬ್ಬರು ಮೆಕ್ಯಾನಿಕ್‌ಗಳು ಹೇಳದೆ ಕೇಳದೆ ಒಳನುಗ್ಗಿ, ಸೀದಾ ಹಿತ್ತಲಿನ ನೀರಿನ ತೊಟ್ಟಿಯತ್ತ ನಡೆದರು.

"ಏಯ್! ಯಾರಪ್ಪಾ ನೀವು? ಎಲ್ಲಿಗೆ?"

"ದೂರ ನಿಲ್ಲಿ ಯಜಮಾನ್ರೇ. ಐವತ್ತನಾಲ್ಕು ದೂರಿನ ಮೋಟಾರು. ಯಾವಾಗ ಸಿಡಿಯುತ್ತೋ ಏನೋ!"

ಮೇಲ್ವಿಚಾರಕರು ಹೌಹಾರಿದರು. "ನನ್ನ ಮೋಟಾರಿಗೆ ಏನೂ ಆಗಿಲ್ಲ ಕಣಪ್ಪಾ! ಮುಟ್ಟಬೇಡ!"

ದೊಡ್ಡ ಮೆಕ್ಯಾನಿಕ್ ಚಿಕ್ಕವನ ಕಡೆ ತಿರುಗಿ ಕಣ್ಣು ಹೊಡೆದ. "ಹೇಳ್ಲಿಲ್ವಾ ನಾನು? ಹಿಂಗೇ ಅಂತಾರೆ." ಆಮೇಲೆ ಜೇಬಿನಿಂದ ಮಡಿಸಿದ ಕಾಗದ ತೆಗೆದು ಓದಿದ. "ಒಂದೇ ದಿನ ಹತ್ತಕ್ಕಿಂತ ಹೆಚ್ಚು ದೂರು ಬಂದ ಮನೆಯ ಮೋಟಾರನ್ನು ಸಂಜೆಯೊಳಗೆ ಕಳಚಿ ತರತಕ್ಕದ್ದು. ಮನೆಯವರು ಬೇಡವೆಂದು ಕೂಗಾಡಿದರೂ ಕಿವಿಗೆ ಹಾಕಿಕೊಳ್ಳಕೂಡದು."

"ಯಾವ ಮುಠ್ಠಾಳ ಬರ್ದಿದ್ದು ಅದನ್ನ?"

ಮೆಕ್ಯಾನಿಕ್ ಕಾಗದ ತಿರುಗಿಸಿ ತೋರಿಸಿದ. ಕೆಳಗೆ ಮೇಲ್ವಿಚಾರಕರದೇ ರುಜು, ಬಾಲ ಸಮೇತ!

ಅವರು ಎದೆ ತಟ್ಟಿಕೊಂಡರು. "ಅದು... ಆ ಮೇಲ್ವಿಚಾರಕ ನಾನೇ!"

"ಹೋದ ವಾರ ಒಬ್ರು ತಾವೇ ಕಂಪನಿ ಯಜಮಾನಿ ಅಂದಿದ್ರು. ಅವರ ಮೋಟಾರನ್ನೂ ತಗೊಂಡೋದ್ವಿ" ಎಂದು ಹೇಳಿ ಅವನು ತಿರುಪು ಬಿಚ್ಚತೊಡಗಿದ. ಐದೇ ನಿಮಿಷ. ಮೋಟಾರು ವ್ಯಾನಿನಲ್ಲಿ, ವ್ಯಾನು ಬೀದಿಯ ತಿರುವಿನಲ್ಲಿ!

ಅವಸರದಲ್ಲಿ ಮೆಕ್ಯಾನಿಕ್‌ಗಳು ಮೇಲಿನ ಟ್ಯಾಂಕಿನಿಂದ ಬರುವ ಕೊಳವೆಯ ವಾಲ್ವು ಮುಚ್ಚುವುದನ್ನು ಮರೆತಿದ್ದರು. ಟ್ಯಾಂಕಿನಲ್ಲಿದ್ದ ನೀರೆಲ್ಲ ಹಿಂದಕ್ಕೆ ಧುಮುಕಿ, ಬಾಯಿ ತೆರೆದ ಕೊಳವೆಯಿಂದ ಬುಸ್ಸೆಂದು ಚಿಮ್ಮಿತು. ಮೇಲ್ವಿಚಾರಕರು ಎರಡೂ ಅಂಗೈ ಒತ್ತಿ ನಿಂತರು. ಬೆರಳ ಸಂದಿಯಿಂದ ನೀರು ಹೊಸ ಅಂಗಿಗೆ, ಮೂಗಿಗೆ, ಕಿವಿಗೆ!

ಬಚ್ಚಲಿನಿಂದ ಕಿರುಚಾಟ ಕೇಳಿಸಿತು. "ರೀ! ನೀರು ನಿಂತೋಯ್ತು! ಬಣ್ಣ ಅರ್ಧ ಗಂಟೆಗಿಂತ ಹೆಚ್ಚು ಇರಬಾರ್ದು! ರೀ!"

"ಲೇ, ಲ್ಯಾಪ್‌ಟಾಪ್ ತಗೊಂಡು ಬಾರೇ! ನಾಲ್ಕು ಗಂಟೆ ಆಗ್ತಿದೆ!"

"ನನ್ನ ತಲೆ ಬೆಂದು ಹೋಗ್ತಿದೆ, ನಿಮಗೆ ಲ್ಯಾಪ್‌ಟಾಪಾ?"

ಬೈಯುತ್ತಲೇ ಆಕೆ ಟವೆಲು ಸುತ್ತಿ, ಹಣೆಯಿಂದ ಗಲ್ಲದವರೆಗೆ ಕಪ್ಪು ಗೆರೆ ಇಳಿಯುತ್ತಿದ್ದ ಮುಖದಲ್ಲಿ, ಲ್ಯಾಪ್‌ಟಾಪು ಹಿಡಿದು ಬಂದಳು. ಪರದೆ ತೆರೆದುಕೊಂಡಿತು. ಯಜಮಾನಿ ಕಣ್ಣು ಕಣ್ಣು ಬಿಟ್ಟಳು. ಒಂಬತ್ತು ಬಾಯಿಗಳು ಒಟ್ಟಿಗೇ ತೆರೆದವು. ಯಾರದೋ ಕೈಯಿಂದ ಲೋಟ ಬಿದ್ದ ಸದ್ದಾಯಿತು.

ಮೊದಲು ಎಚ್ಚೆತ್ತವಳು ಹಿರಿಯಕ್ಕ. ಹನ್ನೆರಡು ವರ್ಷದ ಅಭ್ಯಾಸದಲ್ಲಿ ಬಾಯಿ ತಾನಾಗಿ ಆಡಿತು. "ನಮಸ್ಕಾರ, ನಿಮಗೆ ಹೇಗೆ ಸಹಾಯ ಮಾಡ್ಲಿ?"

"ಅಮ್ಮಾ ತಾಯೀ, ನೀರು! ನೀರು!"

"ಗಾಬರಿ ಆಗ್ಬೇಡಿ ಸಾರ್. ಎಡಗಡೆ ನೋಡಿ. ಗೋಡೆ ಹತ್ರ ಕೆಂಪು ಹಿಡಿ ಇದೆಯಾ?"

"ಕೈ ತೆಗೆದ್ರೆ ಚಿಮ್ಮುತ್ತೆ!"

"ಮನೆಯವರಿಗೆ ಹೇಳಿ. ಅಕ್ಕಾ, ಲ್ಯಾಪ್‌ಟಾಪ್ ಕೆಳಗಿಡಿ. ಆ ಹಿಡಿ ಬಲಕ್ಕೆ ತಿರುಗ್ಸಿ. ಅಲ್ಲ, ನಿಮ್ಮ ಬಲಕ್ಕೆ. ಹಾಂ, ಇನ್ನೊಂದು ಸ್ವಲ್ಪ. ಆಯ್ತು. ತೊಟ್ಟಿಯಿಂದ ಬಕೆಟ್‌ನಲ್ಲಿ ನೀರೆತ್ತಿ ಮೊದ್ಲು ತಲೆ ತೊಳ್ಕೊಳ್ಳಿ ಅಕ್ಕಾ."

ನೀರು ನಿಂತಿತು. ಮೇಲ್ವಿಚಾರಕರು ಕೆಸರಿನಲ್ಲೇ ಕುಕ್ಕರಿಸಿ, ಅದೇ ಮೊದಲ ಸಲ ತಮ್ಮ ಕೆಲಸಗಾರರನ್ನು ಬೆನ್ನಿನ ಕಡೆಯಿಂದಲ್ಲದೆ ಮುಖದ ಕಡೆಯಿಂದ ನೋಡಿದರು. ಗಾಬರಿಯಾಯಿತು! ಒಬ್ಬಳು ಇಸ್ತ್ರಿ ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ಒಬ್ಬನ ಲ್ಯಾಪ್‌ಟಾಪು ಬೀರುವಿನ ಮೇಲಿತ್ತು, ಅವನು ನಿಂತೇ ಇದ್ದ. ಹಿರಿಯಕ್ಕನ ಬೆನ್ನಿಗೆ ಸುರುಳಿ ಸುತ್ತಿದ ಹಾಸಿಗೆ!

"ಇದೇನಮ್ಮ? ಕುರ್ಚಿ ಇಲ್ವಾ?" ಯಜಮಾನಿ ಬೆಚ್ಚಿ ಕೇಳಿದಳು.

"ಎರಡು ತಿಂಗಳಿಂದ ಕೇಳ್ತಿದೀವಿ ಮೇಡಂ. ಸಾರ್ ಇವತ್ತು ಆರು ಸಲ ಹೇಗಿದ್ದೀರಿ ಅಂದ್ರು. ಹೇಳೋಕೆ ಹೋದ್ರೆ ಭೇಷ್ ಅಂತ ಫೋನ್ ಇಟ್ರು."

"ಊಟದ ಹೊತ್ತಲ್ಲಾದ್ರೂ ಅರ್ಧ ಗಂಟೆ ಲೈನ್ ಮುಚ್ಚಿ ಮೇಡಂ" ಎಂದ ಬೀರುವಿನವನು. "ಬಾಯಲ್ಲಿ ತುತ್ತು ಇಟ್ಕೊಂಡೇ ನಮಸ್ಕಾರ ಅನ್ಬೇಕು."

ಮೇಲ್ವಿಚಾರಕರ ಮುಖ ಹೆಂಡತಿಯ ಹಣೆಗಿಂತ ಕಪ್ಪಾಯಿತು. ಮುಗಿಯಿತು! ಒಬ್ಬರಲ್ಲ, ಒಂಬತ್ತೂ ಜನ ಬಿಡುತ್ತಾರೆ. ಹುದ್ದೆ ಹೋಯಿತು, ವಂಶದ ಮಾನ ಹೋಯಿತು, ಮೋಟಾರಂತೂ ಆಗಲೇ ಹೋಗಿತ್ತು.

"ಬೀಗ ಹಾಕಿದ ಹಜಾರದಲ್ಲಿರೋ ಕುರ್ಚಿಗಳು ನಾಳೆಯೇ ನಿಮ್ಮ ನಿಮ್ಮ ಮನೆಗೆ ಬರುತ್ವೆ" ಎಂದಳು ಯಜಮಾನಿ. "ಊಟಕ್ಕೆ ಅರ್ಧ ಗಂಟೆ ಲೈನ್ ಬಂದ್. ಇವಾಗ ಹೇಳಿ, ಈ ಮೇಲ್ವಿಚಾರಕರನ್ನ ಏನು ಮಾಡೋಣ?"

ಪರದೆಯಲ್ಲಿ ಗುಸುಗುಸು ನಡೆಯಿತು. ಕೊನೆಗೆ ಹಿರಿಯಕ್ಕ ಗಂಟಲು ಸರಿಮಾಡಿಕೊಂಡಳು.

"ಅವರೇ ಇರ್ಲಿ ಮೇಡಂ. ನಾವು ಯಾರೂ ಕೆಲಸ ಬಿಡಲ್ಲ. ಆದ್ರೆ ಗಂಟೆಗೊಂದು ಸಲ ಒಂಬತ್ತು ಜನಕ್ಕೆ ಫೋನ್ ಮಾಡ್ತಾರೆ ಅಂದ್ರೆ, ಪಾಪ, ಮನೇಲಿ ಎಷ್ಟು ಒಂಟಿ ಅನಿಸ್ತಿರ್ಬೇಕು! ಅವರನ್ನ ನಾವೇ ನೋಡ್ಕೋತೀವಿ. ಗಂಟೆಗೆ ಒಬ್ರಂತೆ ಸರದಿ ಹಾಕ್ಕೊಂಡು ಫೋನ್ ಮಾಡ್ತೀವಿ."

"ಭೇಷ್!" ಎಂದಳು ಯಜಮಾನಿ. ಅಪ್ಪಣೆಯಾಯಿತು.

ಮರುದಿನ ಮೋಟಾರು ವಾಪಸು ಬಂತು. 'ದೋಷ ಕಾಣಲಿಲ್ಲ' ಎಂಬ ಚೀಟಿಯೂ ಅದರ ಜೊತೆಗಿತ್ತು. ಮೇಲ್ವಿಚಾರಕರು ದೂರಿನ ಪಟ್ಟಿ ತಿದ್ದಲು ಕೂತರು. ಒಂಬತ್ತಕ್ಕೆ ಫೋನು: ತಿಂಡಿ ಆಯ್ತಾ ಸಾರ್? ಹತ್ತಕ್ಕೆ ಫೋನು: ನೆಗಡಿ ಹೇಗಿದೆ ಸಾರ್? ಹನ್ನೊಂದಕ್ಕೆ: ಬೇಜಾರಾಗ್ತಿದೆಯಾ ಸಾರ್? ಬಾಗಿಲಿಗೆ ಒರಗಿದ ಹೆಂಡತಿ, ಹಣೆಯ ಕಪ್ಪು ಉಜ್ಜಿಕೊಳ್ಳುತ್ತಾ, ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಹನ್ನೆರಡಕ್ಕೆ ಹಿರಿಯಕ್ಕನ ಸರದಿ.

"ಹೇಗಿದ್ದೀರಿ ಸಾರ್? ಏನಾದ್ರೂ ಸಹಾಯ ಬೇಕಾ? ಸಂಕೋಚ ಪಡ್ಬೇಡಿ, ಹೇಳಿ."

ಮೇಲ್ವಿಚಾರಕರು ಪೆನ್ನು ಕೆಳಗಿಟ್ಟು, ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡರು.

"ಏನೂ ಬೇಡಮ್ಮ! ನನಗೆ ಯಾರ ಸಹಾಯಾನೂ ಬೇಡ! ಮನೇಲಿ ಕೂತು ಕೆಲಸ ಮಾಡೋನಿಗೆ ಹಿಂಗೆ ಗಂಟೆಗೊಂದು ಸಲ ಫೋನ್ ಮಾಡಿದ್ರೆ ಅವನು ಕೆಲಸ ಮಾಡೋದು ಯಾವಾಗಮ್ಮಾ?"