ಅಂಗಳದಲ್ಲಿ ಬ್ರೇಕ್ ಬಿಚ್ಚಿದ ಭಾನುವಾರ

ನಾನೊಂದು ಕೆಲಸವನ್ನು ನನ್ನ ಪಾಡಿಗೆ ಮಾಡಿ ಮುಗಿಸಲು ನಮ್ಮೂರಿನಲ್ಲಿ ಯಾರೂ ಬಿಡುವುದಿಲ್ಲ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಕೆಳಗೆ ನಾಲ್ಕು ಜನ ಸಲಹೆಗಾರರು. ಅಂಥದ್ದರಲ್ಲಿ ಕಾಪುವಿನ ನಮ್ಮ ಅಂಗಳದಲ್ಲಿ ಕಾರಿನ ಬ್ರೇಕ್ ಪ್ಯಾಡು, ಡಿಸ್ಕು ನಾನೇ ಬದಲಿಸಲು ಹೊರಟೆ. ಸೋಮವಾರ ಬೆಳಿಗ್ಗೆ ಅತ್ತೆಯನ್ನು ಕಣ್ಣಿನ ಪೊರೆಯ ಆಪರೇಷನ್ನಿಗೆ ಮಣಿಪಾಲಕ್ಕೆ ಕರೆದೊಯ್ಯಬೇಕಿತ್ತು. ಹೆದರಿ ಮೂರು ಸಲ ಮುಂದೂಡಿದವರು ಈ ಸಲ ಹೇಗೋ ಒಪ್ಪಿದ್ದರು. ಹಳೇ ಪ್ಯಾಡು ಪೂರ್ತಿ ಸವೆದಿತ್ತು. ಗ್ಯಾರೇಜಿನವನು ಬುಧವಾರ ಬನ್ನಿ ಎಂದ. ಸಿಟ್ಟಿನಲ್ಲಿ ಶನಿವಾರವೇ ಉಡುಪಿಗೆ ಹೋಗಿ ಸಾಮಾನು ತಂದೆ.

೧. ಮಸ್ಕತ್ತಿನ ಅನುಭವ

ಚಕ್ರದ ನಟ್ಟು ತುಕ್ಕು ಹಿಡಿದು ಕೂತಿತ್ತು. ಸ್ಪ್ಯಾನರಿನ ಮೇಲೆ ನಿಂತು ಕುಣಿದರೂ ಅಲುಗಲಿಲ್ಲ. ಪಕ್ಕದ ಮನೆಯವರು ಕಂಪೌಂಡಿಗೆ ಮೊಣಕೈ ಊರಿದರು.

"ಎಡಕ್ಕೆ ತಿರುಗಿಸಿ ಮಾರಾಯ್ರೆ."

"ಎಡಕ್ಕೇ ತಿರುಗಿಸ್ತಾ ಇದ್ದೇನೆ."

"ಹಾಗಾದ್ರೆ ಬಲಕ್ಕೆ ತಿರುಗಿಸಿ. ಮಸ್ಕತ್ತಿನ ಗ್ಯಾರೇಜಿನಲ್ಲಿ ಹದಿನೆಂಟು ವರ್ಷ ಇದ್ದವ ನಾನು."

ನಂಬಿ ಬಲಕ್ಕೆ ತಿರುಗಿಸಿದೆ. ನಟ್ಟು ಇನ್ನಷ್ಟು ಬಿಗಿಯಾಯಿತು. ಅದನ್ನು ಬಿಡಿಸುವಷ್ಟರಲ್ಲಿ ಅಂಗೈ ಸುಲಿದಿತ್ತು. ಹಲ್ಲು ಕಚ್ಚಿ ಕೇಳಿದೆ: "ಅಲ್ಲಿ ನೀವು ಎಂತ ಕೆಲಸ ಮಾಡ್ತಿದ್ದದ್ದು?"

"ಚಾ ಮಾಡ್ತಿದ್ದೆ. ಆದ್ರೆ ಎಲ್ಲ ನೋಡಿ ಗೊತ್ತುಂಟು."

೨. ಭಾವನ ಪಾಠ

ಅಷ್ಟರಲ್ಲಿ ಕಾರ್ಕಳದಿಂದ ನನ್ನ ಹೆಂಡತಿಯ ಅಣ್ಣ ಬಂದರು. ಎಂಜಿನಿಯರಿಂಗ್ ಹುಡುಗರಿಗೆ ಬ್ರೇಕಿನ ವಿಷಯವನ್ನೇ ಪಾಠ ಮಾಡುವವರು. ನನಗೆ ಹೋದ ಜೀವ ಬಂದಂತಾಯಿತು. ಅವರೋ ಕೋಲು ಹಿಡಿದು ಅಂಗಳದ ಹೊಯಿಗೆಯಲ್ಲಿ ಚಿತ್ರ ಬರೆದು, ಘರ್ಷಣೆ ಎಂದರೇನು ಎಂದು ಶುರು ಮಾಡಿದರು. ಬಿಸಿಲು ನೆತ್ತಿಗೇರಿತು. ನನ್ನ ಸಿಟ್ಟೂ ಏರಿತು.

"ಭಾವ, ವಿವರಣೆ ಸಾಕು. ಪ್ಯಾಡು ಒತ್ತುವ ಈ ಪಿಸ್ಟನ್ ಒಳಗೆ ತಳ್ಳಲು ಸ್ವಲ್ಪ ಕೈ ಜೋಡಿಸಿ."

"ಪಿಸ್ಟನ್ ಎಲ್ಲಿ ಉಂಟು?"

ತೋರಿಸಿದೆ. ಬಗ್ಗಿ ನೋಡಿ ಬೆರಗಾದರು.

"ಇಷ್ಟು ಸಣ್ಣದಾ! ಹನ್ನೆರಡು ವರ್ಷದಿಂದ ಬೋರ್ಡಿನ ತುಂಬ ಬರೀತಾ ಇದ್ದೇನೆ ನಾನು."

೩. ಅತ್ತೆಯ ಉಪಕಾರ

ಹೊಸ ಡಿಸ್ಕು, ಪ್ಯಾಡುಗಳನ್ನು ಜಗಲಿಯಲ್ಲಿ ಕಾಗದದ ಮೇಲೆ ಜೋಡಿಸಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಎಲ್ಲವೂ ಫಳಫಳ ಹೊಳೆಯುತ್ತಿವೆ. ಮುಟ್ಟಿದೆ. ತೆಂಗಿನೆಣ್ಣೆ!

"ಯಾರು ಮಾಡಿದ್ದು ಇದು?" ಎಂದು ಕೂಗಿದ್ದು ಹೆದ್ದಾರಿಗೆ ಕೇಳಿರಬೇಕು.

"ನಾನೇ," ಎಂದರು ಅತ್ತೆ ಸಮಾಧಾನದಿಂದ. "ಉಪ್ಪು ಗಾಳಿ ಅಲ್ವಾ? ನಿಮ್ಮ ಮಾವನ ದೋಣಿಯ ಒಂದು ಕೊಂಡಿಗೂ ತುಕ್ಕು ಹಿಡಿಯಲು ಬಿಟ್ಟವಳಲ್ಲ ನಾನು. ಕಣ್ಣು ಕಾಣದಿದ್ದರೂ ಮುಟ್ಟಿ ಮುಟ್ಟಿ ಹಚ್ಚಿದ್ದೇನೆ."

"ಎಣ್ಣೆ ಹಚ್ಚಿದರೆ ಬ್ರೇಕ್ ಹಿಡಿಯುವುದು ಹೇಗೆ ಅತ್ತೆ? ಕಾರು ನಿಲ್ಲುವುದೇ ಇಲ್ಲ!"

ಡಿಸ್ಕನ್ನಾದರೂ ಒರೆಸಬಹುದು. ಪ್ಯಾಡು ಎಣ್ಣೆ ಕುಡಿದಾಗಿತ್ತು. ಭಾನುವಾರ, ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅತ್ತೆಯ ಮುಖ ಅರಳಿತು. "ಹಾಗಾದ್ರೆ ಆಪರೇಷನ್ ಮುಂದಿನ ತಿಂಗಳು ನೋಡುವ."

"ಆಗುವುದೇ ಇಲ್ಲ!" ಎಂದೆ. ಮರುದಿನ ಬೆಳಿಗ್ಗೆ ರಿಕ್ಷಾ ಕರೆಸಿ ಅವರನ್ನು ಹತ್ತಿಸಿದೆ. ನಾನೂ ಮುಖ ಊದಿಸಿಕೊಂಡು ಪಕ್ಕದಲ್ಲಿ ಕೂತೆ. ಉಡುಪಿ ದಾಟುವಾಗ ರಿಕ್ಷಾದವನು ಗಕ್ಕನೆ ಬ್ರೇಕ್ ಹಾಕಿದ. ಅದು ಕಿರ್ರೆಂದು ಕಿರುಚಿತು.

ಅತ್ತೆ ಚೀಲಕ್ಕೆ ಕೈ ಹಾಕಿ, ತಲೆಗೆಂದು ತಂದಿದ್ದ ಎಣ್ಣೆ ಬಾಟಲಿ ಹೊರತೆಗೆದರು.

"ಇವರಿಗೆ ಸ್ವಲ್ಪ ಬದಿಗೆ ನಿಲ್ಲಿಸಲು ಹೇಳಿ. ಪಾಪ, ಇವರ ಮನೆಯಲ್ಲಿ ಹಚ್ಚುವವರು ಯಾರೂ ಇಲ್ಲ ಕಾಣ್ತದೆ."